ಕೊಂದಿದ್ದು ಡಾಕ್ಟರು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಬೆವರುಸಾಲೆ ಏಳುತ್ತಿತ್ತಲ್ಲ, ಈಗ ಕಡಿಮೆಯಾಗಿದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಅಪ್ಪ ತೀರಿಕೊಂಡಾಗ ನೀನು ಬರಲಿಲ್ಲವೆಂದು ಹದಿನಾಲ್ಕು ತಿಂಗಳಿಂದ ಮಾತು ಬಿಟ್ಟವಳು ಈಗ ಊಟದ ವಿಚಾರ ಕೇಳುತ್ತಿದ್ದಾಳಲ್ಲ ಎಂದು ಬೆರಗಾಗಬೇಡ. ಪೂರ್ತಿ ಓದು.

ನಾನು ಕಾಲು ಮುರಿದುಕೊಂಡು ಮೂರು ವಾರದಿಂದ ಮಂಚ ಹಿಡಿದಿದ್ದೇನೆ. ಗಾಬರಿಯಾಗಬೇಡ, ಹಿಮ್ಮಡಿಯ ಮೇಲಿನ ಮೂಳೆಯಲ್ಲಿ ಸಣ್ಣ ಬಿರುಕು ಅಷ್ಟೆ. ಆಸ್ಪತ್ರೆಯ ನಮ್ಮ ಹೊಲಿಗೆ ಕೋಣೆಯಿಂದ ದಿಂಬಿನ ಕವರುಗಳ ಗಂಟು ಹೊತ್ತು ಇಳಿಯುವಾಗ ಕೊನೆಯ ಮೆಟ್ಟಿಲು ಕಾಣಲಿಲ್ಲ. ಈಗ ನಿನ್ನ ಭಾವನದೇ ಅಡುಗೆ. ಅದರಲ್ಲಿ ಉಪ್ಪು ಒಂದು ದಿನ ಇರುತ್ತದೆ, ಒಂದು ದಿನ ರಜೆ. ಮೊನ್ನೆ ಅವರು ಹಳೆಯ ಹೊದಿಕೆಗೆಂದು ಟ್ರಂಕು ಬಗೆದಾಗ ತಳದಲ್ಲಿ ಆ ಪುಸ್ತಕ ಸಿಕ್ಕಿತು. ಹೊಲಿಗೆ ತರಗತಿಯಲ್ಲಿ ಮೊದಲನೆಯವಳಾಗಿ ಬಂದದ್ದಕ್ಕೆ ಬಹುಮಾನ ಕೊಟ್ಟಿದ್ದರಲ್ಲ, ಎಲ್ಲರೂ ಹೊಗಳುವ ಆ ಹಳೆಯ ಕೊಲೆ ಕಾದಂಬರಿ. ನನ್ನದು ಎಂದು ಹೇಳಿಕೊಳ್ಳಲು ಇದ್ದ ಮೊದಲ ಪುಸ್ತಕ. ನಾನಿನ್ನೂ ಒಂದು ಸಾಲು ಓದಿರಲಿಲ್ಲ, ಅಷ್ಟರಲ್ಲಿ ನೀನು, ಹತ್ತು ವರ್ಷದ ಕೋತಿ, ಕದ್ದು ಓದಿ ಮುಗಿಸಿ, ಮೊದಲ ಪುಟದಲ್ಲೇ ಪೆನ್ಸಿಲಿನಿಂದ ದಪ್ಪಗೆ ‘ಕೊಂದಿದ್ದು ಡಾಕ್ಟರು’ ಎಂದು ಬರೆದಿಟ್ಟಿದ್ದೆ. ಅಳತೆ ಕೋಲಿನಿಂದ ಬಾರಿಸಿದೆ. “ಇನ್ನು ಜನ್ಮದಲ್ಲಿ ಇದನ್ನ ಮುಟ್ಟಲ್ಲ” ಎಂದೆ. ನನ್ನ ಹಟ ನಿನಗೆ ಗೊತ್ತಲ್ಲ, ಮೂವತ್ತೊಂದು ವರ್ಷ ಮುಟ್ಟಲಿಲ್ಲ.

ಈ ಸಲ ಹೊತ್ತು ಹೋಗದೆ ತೆರೆದೆ. ಕೊಲೆಗಾರ ಯಾರೆಂದು ತಿಳಿದ ಮೇಲೆ ಇನ್ನೇನು ಸ್ವಾರಸ್ಯ ಎಂದುಕೊಂಡಿದ್ದೆ. ಅಯ್ಯೋ, ಎಲ್ಲಿ! ಡಾಕ್ಟರ ಮೇಲೆ ಕಣ್ಣಿಟ್ಟೇ ಕೂತೆ. ಅವನು ಕೈ ತೊಳೆದರೆ ಅನುಮಾನ, ಕೆಮ್ಮಿದರೆ ಅನುಮಾನ, ಮಗುವಿನ ತಲೆ ಸವರಿದರೂ ನಾಟಕವೆಂದು ಹಲ್ಲು ಕಡಿದೆ. ನಿನ್ನ ಭಾವ ತಟ್ಟೆ ತಂದಿಡುವಾಗಲೆಲ್ಲ “ನಿನ್ನ ಡಾಕ್ಟರು ಇವತ್ತು ಯಾರನ್ನ ಮುಗಿಸಿದ್ರು?” ಎಂದು ಕೇಳತೊಡಗಿದರು. ಇಂದು ಬೆಳಿಗ್ಗೆ ಕೊನೆಯ ಅಧ್ಯಾಯಕ್ಕೆ ಬಂದೆ. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬೆರಳು ತೋರಿಸಿದ್ದು ಡಾಕ್ಟರ ಕಡೆಗಲ್ಲ, ಮೊದಲಿನಿಂದಲೂ ಎಲ್ಲರಿಗೂ ಅಕ್ಕರೆಯಿಂದ ಚಹಾ ಬಗ್ಗಿಸಿ ಕೊಡುತ್ತಿದ್ದ ಮುದುಕಿಯ ಕಡೆಗೆ! ನಾನು ಕಿರುಚಿದ್ದಕ್ಕೆ ನಿನ್ನ ಭಾವ ಸೌಟು ಹಿಡಿದೇ ಓಡಿ ಬಂದರು, “ಮತ್ತೆ ಬಿದ್ಯಾ?” ಎಂದು. “ಡಾಕ್ಟರಲ್ಲಾರೀ!” ಎಂದೆ ನಾನು. ಪಾಪ, ಕೊಲೆಯಾದ ಹೊತ್ತಿನಲ್ಲಿ ಆ ಮನುಷ್ಯ ಗುಟ್ಟಾಗಿ ಒಬ್ಬ ಹುಡುಗಿಯ ಹೆರಿಗೆ ಮಾಡಿಸುತ್ತಿದ್ದ. ಹೇಳಿದರೆ ಅವಳ ಮಾನ ಹೋಗುತ್ತದೆಂದು ಬೈಗುಳ ತಿಂದುಕೊಂಡೇ ಸುಮ್ಮನಿದ್ದ.

ಪುಟ ತಿರುಗಿಸಿದೆ. ಕಥೆ ಮುಗಿದ ಖಾಲಿ ಜಾಗದಲ್ಲಿ ನಿನ್ನ ಅದೇ ಸೊಟ್ಟ ಅಕ್ಷರ: ‘ಅಕ್ಕಾ, ಮೊದಲ್ನೇ ಪುಟದಲ್ಲಿ ಬರೆದಿದ್ದು ಸುಳ್ಳು. ನಿಜ ಬರೆದ್ರೆ ನಿಂಗೆ ಮಜಾ ಹೋಗತ್ತೆ ಅಂತ. ಹೊಡೀಬೇಡ.’

ಕನ್ನಡಕ ತೆಗೆದಿಟ್ಟು ಅತ್ತುಬಿಟ್ಟೆ ಕಣೋ. ಏಟು ತಿಂದ ಮೇಲೂ ನೀನು ಬಾಯಿ ಬಿಡಲಿಲ್ಲ. ಅಕ್ಕ ಇವತ್ತಲ್ಲ ನಾಳೆ ಓದುತ್ತಾಳೆ, ಆಗ ನಗುತ್ತಾಳೆ ಎಂದು ಕಾದಿರಬೇಕು. ನಾನೋ ಮೊದಲ ಪುಟಕ್ಕೇ ತೀರ್ಪು ಕೊಟ್ಟು ಎದ್ದು ಹೋದವಳು.

ನಿನ್ನ ಭಾವ ಕೇಳಿದರೆಂದು ಬರೆಯಲು ಹೇಳುತ್ತಿದ್ದಾರೆ. ಯಾವ ಸಮುದ್ರದಲ್ಲಿದ್ದರೂ ತಣ್ಣಗಿರು. ನನ್ನ ಆಯಸ್ಸಿನಲ್ಲಿ ಒಂದಷ್ಟು ನಿನಗೂ ಸೇರಲಿ.

ಇಂತಿ,
ನಿನ್ನ ಹಟಮಾರಿ ಅಕ್ಕ

ತಾ.ಕ.: ಭಾವ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಅಂಚೆ ಡಬ್ಬಿಗೆ ಹಾಕಲು. ಅವಸರದಲ್ಲೇ ಇದಿಷ್ಟು ಬರೆಯುತ್ತಿದ್ದೇನೆ. ಅಪ್ಪ ಹೋದ ಮೇಲೆ ನೀನು ಕಳಿಸಿದ ಪತ್ರವನ್ನು ನಾನು ಒಡೆದೇ ಇರಲಿಲ್ಲ. ಇವತ್ತು ಒಡೆದೆ. ಆ ವಾರ ನೀನೇ ಪಕ್ಕೆಲುಬು ಮುರಿದುಕೊಂಡು ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ಮಲಗಿದ್ದೆಯಂತೆ. ‘ಅಕ್ಕನಿಗೆ ಒಂದು ದುಃಖವೇ ಸಾಕು ಅಂತ ಫೋನಿನಲ್ಲಿ ಹೇಳಲಿಲ್ಲ’ ಎಂದು ಬರೆದಿದ್ದೀಯ. ತಪ್ಪಾಯಿತು ಮಗೂ. ರಜೆ ಸಿಕ್ಕ ದಿನವೇ ಹೊರಟು ಬಾ. ನಿನ್ನ ಹಾಸಿಗೆಯನ್ನು ಭಾವ ಆಗಲೇ ಬಿಸಿಲಿಗೆ ಹಾಕಿದ್ದಾರೆ.