ಬುಡ ಬಿಟ್ಟು ಹಾಕಿದ ಯೂರಿಯಾ

ಮಾವನವರೇ,

ಹಂದನಕೆರೆಯ ನಿಮ್ಮ ತೋಟದಲ್ಲಿ ನಾವು ಕಟ್ಟಿದ ಪಂದ್ಯದ ಖರ್ಚನ್ನು ಈಗಷ್ಟೇ ಕೂಡಿ ಮುಗಿಸಿದೆ: ಎರಡು ಮೂಟೆ ಯೂರಿಯಾ, ಒಂದು ಗಾಡಿ ಹೊಂಗೆ ಸೊಪ್ಪು, ಗುದ್ದಲಿ ಹಿಡಿದವರ ಕೂಲಿ ಮತ್ತು ಮುದ್ದೆ ಊಟ, ನಿಮ್ಮ ಮಗಳು ನನ್ನೊಡನೆ ಮಾತು ಬಿಟ್ಟ ಒಂದು ವಾರ. ಕೊನೆಯದಕ್ಕೆ ದರ ಕಟ್ಟಲು ನನಗೆ ಬರಲಿಲ್ಲ.

ತಿಪಟೂರಿನಲ್ಲಿ ನಾನು ಗೊಬ್ಬರದಂಗಡಿ ತೆರೆದ ಹೊಸತು ನೆನಪಿದೆಯೇ? ನಿಮ್ಮೂರಿನ ಬಸಣ್ಣ ಅಂಗಡಿ ಮುಂದೆ ನಿಂತು, ಸಂತೆಯ ಜನವೆಲ್ಲ ಕೇಳುವಂತೆ, "ನಿನ್ನ ಯೂರಿಯಾ ಬರೀ ಉಪ್ಪು ಕಣಯ್ಯ. ಮರ ಹಂಗೇ ಹಳದಿ ನಿಂತವೆ" ಎಂದ. ಗಿರಾಕಿಗಳು ನಿಂತುಹೋದರು. ಬಾಗಿಲು ಹಾಕಿ, ಮತ್ತೆ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವುದೇ ಸರಿ ಎಂದುಕೊಂಡಿದ್ದೆ. ನೀವು ನನ್ನನ್ನು ಅವನ ತೋಟಕ್ಕೇ ಕರೆದೊಯ್ದಿರಿ. ತಪ್ಪು ಅಲ್ಲೇ ಬೆಳ್ಳಗೆ ಬಿದ್ದಿತ್ತು. ಹಿರಿಯರು ತೆಂಗಿಗೆ ಉಪ್ಪು ಹಾಕುತ್ತಿದ್ದ ಹಾಗೆಯೇ ಅವನು ಯೂರಿಯಾವನ್ನೂ ಬಿಸಿಲಲ್ಲಿ ಬುಡಕ್ಕೆ ಸುರಿದಿದ್ದ. ಒಂದಷ್ಟು ಗಾಳಿಗೆ, ಉಳಿದದ್ದು ಮೊದಲ ಜೋರು ಮಳೆಗೆ. ಮರಕ್ಕೆ?

"ಉಣ್ಣಾಕೆ ಕೂತೋನ ಬೆನ್ನ ಮೇಲೆ ಅನ್ನ ಬಡಿಸ್ತೀಯೇನ್ಲಾ ಬಸಣ್ಣ? ತಿನ್ನೋ ಬೇರು ಇಲ್ಲೈತೆ" ಎಂದು ನೀವು ಬುಡದಿಂದ ಒಂದು ಮಾರು ದೂರ ಕಾಲಲ್ಲಿ ಗೆರೆ ಎಳೆದಿರಿ.

ಅವನು ನಂಬಲಿಲ್ಲ. ಆಗ ನೀವೇ ಪಂದ್ಯ ಕಟ್ಟಿದಿರಿ. ನಿಮ್ಮ ತೋಟದ ಎರಡು ಸಾಲಿಗೆ ಬಸಣ್ಣನ ರೀತಿ. ಇನ್ನೆರಡು ಸಾಲಿಗೆ ಅದರ ಅರ್ಧ ಯೂರಿಯಾ. ಆ ಅರ್ಧವೂ ಒಂದೇ ಸಲಕ್ಕಲ್ಲ, ಮುಂಗಾರಿನ ಹದಕ್ಕೆ ಒಂದು ಪಾಲು, ಹಿಂಗಾರಿಗೆ ಇನ್ನೊಂದು. ನೀವೆಳೆದ ಗೆರೆಯಷ್ಟು ದೂರಕ್ಕೆ ದುಂಡಗೆ ಪಾತಿ ತೋಡಿ, ಯೂರಿಯಾ ಹಾಕಿ, ಸೊಪ್ಪು ಹಾಸಿ, ಮೇಲೆ ಮಣ್ಣು. "ಅಳಿಯನ ಅಂಗಡಿ ಉಳಿಸಾಕೆ ತೋಟಾನೇ ಒತ್ತೆ ಇಕ್ಕವ್ರೆ ಕಣ್ಲಾ" ಎಂದು ಊರು ನಕ್ಕಿತು. "ನಮ್ಮಪ್ಪನ ಮರ ಕೆಟ್ರೆ ನಿಮ್ ಮಖ ನೋಡಲ್ಲ ಕಣ್ರೀ" ಎಂದಳು ನಿಮ್ಮ ಮಗಳು. ನನಗೂ ಒಳಗೇ ಅಳುಕು. "ಅರ್ಧ ಸಾಕು ಅಂತ ಗಿರಾಕಿಗೆ ಹೇಳಿದ್ರೆ ನಾನು ಉಣ್ಣೋದೇನು ಮಾವ?" ಎಂದು ಕೇಳಿದೆ.

"ಸುಳ್ಳ ಅನ್ನಿಸ್ಕಂಡು ಪೂರ್ತಿ ಮಾರ್ತೀಯಾ? ಮಾರಪ್ಪ. ತಗಳ್ಳೋರು ಯಾರು, ಅದೊಂದು ಹೇಳ್ಬುಡು."

ತೆಂಗು ನಿಧಾನದ ಮರ. ಗರಿ ಹಸಿರಿಗೆ ತಿರುಗಿದ್ದನ್ನು ನೀವು ನೋಡಿದಿರಿ. ಹೊಂಬಾಳೆ ಒಡೆಯುವ ಹೊತ್ತಿಗೆ ನೀವು... ಇರಲಿ.

ಮೊನ್ನೆ ಕಾಯಿ ಕೆಡವಿಸಿದೆವು. ಎರಡು ರಾಶಿ, ಬೇರೆ ಬೇರೆ. ಎಣಿಸಲು ಬಸಣ್ಣನನ್ನೇ ಕೂರಿಸಿದೆ. ಎಣಿಸಿದ; ನಂಬದೆ ಮತ್ತೆ ಎಣಿಸಿದ. ನಮ್ಮ ಅರ್ಧ ಯೂರಿಯಾದ ರಾಶಿಯೇ ದೊಡ್ಡದು. ಅವನು ಎದ್ದು ಪಂಚೆ ಒದರಿಕೊಂಡು, "ನಮ್ ತೋಟಕ್ಕೂ ಬಂದು ಗೆರೆ ಹಾಕ್ಕೊಡಪ್ಪ" ಎಂದ. ಆ ಮಾತು ಕೇಳಲು ನೀವಿರಬೇಕಿತ್ತಲ್ಲವೇ?

ಯಾರಿಗೆ ಏನು ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಬಸಣ್ಣನಿಗೆ ಅರ್ಧ ಗೊಬ್ಬರದ ದುಡ್ಡು ಉಳಿಯಿತು. ನಿಮ್ಮ ಮಗಳಿಗೆ ಅಟ್ಟದ ತುಂಬ ಕಾಯಿ, ಜೊತೆಗೆ ತವರಿನ ಮಾತೆತ್ತಿ ನನ್ನ ಬಾಯಿ ಮುಚ್ಚಿಸುವ ಹಕ್ಕು. ನನಗೆ ತಲೆಗೊಂದು ಮೂಟೆ ಕಡಿಮೆ ಮಾರಾಟ, ಆದರೆ ಕಂದಿಕೆರೆಯವರೆಗೂ ಗಿರಾಕಿ. ನಿಮಗೆ, ಹೆಸರು. ಈಗ ಅಂಗಡಿಗೆ ಬಂದವರು, "ಮಾವನ ಪಾತಿಗೆ ಎಷ್ಟು ಬೇಕು?" ಎಂದೇ ಕೇಳುತ್ತಾರೆ. ನಾನು ಕಮ್ಮಿಯೇ ತೂಗಿ ಕೊಡುತ್ತೇನೆ.