ಗೊತ್ತಿಲ್ಲ ಎಂದ ಮಗುವಿನ ಪರವಾಗಿ

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಿನ್ನೆ ಮಧ್ಯಾಹ್ನ ನಿಮ್ಮ ಕಚೇರಿಯ ಅರ್ಜಿ ಮೇಜಿನ ಮೇಲಿದ್ದ ನೀಲಿ ಬಾಲ್‌ಪೆನ್ನನ್ನು, ಅದಕ್ಕೆ ಕಟ್ಟಿದ್ದ ದಾರದ ಸಮೇತ, ಕದ್ದವನು ನಾನೇ. ಈ ಪತ್ರವನ್ನು ಅದರಲ್ಲೇ ಬರೆಯುತ್ತಿದ್ದೇನೆ. ದಾರ ನನ್ನ ಜೇಬಿನಿಂದ ಗೇಣುದ್ದ ನೇತಾಡುತ್ತಿತ್ತು. ನಿಮ್ಮ ಕಾವಲುಗಾರ ಅದನ್ನು ನೋಡಿಯೂ ಎದ್ದು ನಿಂತು ನಮಸ್ಕಾರ ಮಾಡಿದ. ಇಸ್ತ್ರಿ ಅಂಗಿ ತೊಟ್ಟವನ ಕೈಯಲ್ಲಿ ಏನಿದ್ದರೂ ಅದು ಅವನದೇ ಇರಬೇಕಲ್ಲವೇ? ಅದೇ ಬಾಗಿಲ ಮೆಟ್ಟಿಲ ಮೇಲೆ ಹತ್ತು ದಿನಗಳಿಂದ ಕೋನಮ್ಮ ಎಂಬ ಹಕ್ಕಿಪಿಕ್ಕಿ ಮುದುಕಿ ಕೂತಿದ್ದಾರೆ. ಹರಿದ ಸೆರಗಿನ ಈ ಹೆಂಗಸು ಹಿಡಿದಿದ್ದು ಸ್ವಂತ ಮೊಮ್ಮಗಳ ಕೈಯನ್ನು. ಅದು ಅವರದಲ್ಲ ಎಂದು ನಿಮ್ಮ ಕಡತ ಹೇಳುತ್ತಿದೆ.

ಮಗುವಿನ ಹೆಸರು ಗೌತಮಿ, ವಯಸ್ಸು ಏಳು. ಮಂಡಿಕಲ್ ಕಡೆಯ ಗುಡ್ಡದ ಬುಡದಲ್ಲಿರುವ ಹಕ್ಕಿಪಿಕ್ಕಿ ಕಾಲೊನಿಯವಳು. ಅಪ್ಪ ಅಮ್ಮ ತಲೆಗೂದಲಿನ ಎಣ್ಣೆ ಮಾರಲು ಅಸ್ಸಾಮಿಗೆ ಹೋಗಿದ್ದಾರೆ. ಶಾಲೆಗೆ ರಜೆಯಿದ್ದ ಒಂದು ದಿನ ಅಜ್ಜಿ ಅವಳನ್ನು ಕರೆದುಕೊಂಡು ಕೈವಾರದ ಬಸ್ ನಿಲ್ದಾಣದಲ್ಲಿ ಮಣಿಸರ ಮಾರುತ್ತಿದ್ದರು. ಅಜ್ಜಿ ಕಪ್ಪು, ಮೊಮ್ಮಗಳ ಕೂದಲು ತಾಮ್ರದ ಬಣ್ಣ, ಕಣ್ಣು ತಿಳಿ. ಯಾರೋ ಒಬ್ಬ ಪುಣ್ಯಾತ್ಮ, ಮಕ್ಕಳ ಕಳ್ಳಿ ಇರಬೇಕೆಂದು ನಿಮ್ಮ ಸಹಾಯವಾಣಿಗೆ ಫೋನು ಮಾಡಿದ. ಮುಕ್ಕಾಲು ಗಂಟೆಯಲ್ಲಿ ನಿಮ್ಮ ವಾಹನ ಬಂತು. ಜೊತೆಗೆ ಖಾಕಿ ತೊಟ್ಟ ಒಬ್ಬರು ಇಳಿದರು. ಅವರು ಮಗುವಿನೆದುರು ಬಗ್ಗಿ, ಈ ಮುದುಕಿ ನಿನಗೇನಾಗಬೇಕು ಎಂದು ಕೇಳಿದರು.

ಮಗು ಹೇಳಿತು: "ಗೊತ್ತಿಲ್ಲ."

ಅಲ್ಲಿಗೆ ಮುಗಿಯಿತು. ಮಗುವಿಗೆ ಆಧಾರ್ ಇರಲಿಲ್ಲ. ಇದ್ದ ಒಂದೇ ಆಧಾರವನ್ನು ನೀವು ಬಸ್ ನಿಲ್ದಾಣದಲ್ಲೇ ಬಿಟ್ಟು ಹೊರಟಿರಿ. ನಿಮ್ಮ ಗುಮಾಸ್ತರು ನಿನ್ನೆ ನನಗೆ ಬಹಳ ಸಮಾಧಾನದಿಂದಲೇ ತಿಳಿಸಿದರು: "ಮಗೂನೇ ಗೊತ್ತಿಲ್ಲ ಅಂದ್ಮೇಲೆ ನಾವೇನ್ ಮಾಡಣ ಸಾರ್?" ಅಸ್ಸಾಮಿನಿಂದ ತಾಯಿ ವಿಡಿಯೋ ಕರೆಯಲ್ಲಿ ಅತ್ತಿದ್ದನ್ನು ಅವರೂ ನೋಡಿದ್ದಾರಂತೆ. ಆದರೆ ಕಣ್ಣೀರಿಗೆ ಮೊಹರು ಇರುವುದಿಲ್ಲವಲ್ಲ.

ಹಾಗಾದರೆ ಮಗು ಏಕೆ ಹಾಗೆಂದಿತು? ನಿಮ್ಮಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ನಾನು ಮೆಟ್ಟಿಲ ಮೇಲೆ ಕೋನಮ್ಮನನ್ನು ಕೇಳಿದೆ. ಅವರು ತಮ್ಮ ಪಾದ ನೋಡಿಕೊಂಡೇ ಹೇಳಿದರು:

"ನಾನೇ ಸಾಮಿ ಹೇಳ್ಕೊಟ್ಟಿದ್ದು. ಖಾಕಿಯೋರು ಕೇಳುದ್ರೆ ನಮ್ಮೋರ್ನ ತೋರಿಸ್ಬೇಡ ಕಣೇ, ಗೊತ್ತಿಲ್ಲ ಅನ್ನು, ಇಲ್ದಿದ್ರೆ ಹಿಡ್ಕೊಂಡೋಗ್ತಾರೆ ಅಂತ. ನಮ್ಮಮ್ಮನೂ ನಂಗೆ ಅದೇ ಹೇಳಿದ್ಳು. ನಮ್ ಹುಡ್ಗಿ ನನ್ ಮಾತು ಉಳಿಸ್ಕೊಂಡ್ಳು."

ಹಕ್ಕಿ ಹಿಡಿದು ಬದುಕುತ್ತಿದ್ದ ಜನ ಇವರು. ಕಾಡಿನ ಕಾಯಿದೆ ಬಂದ ಮೇಲೆ ಹಕ್ಕಿಗೆ ರಕ್ಷಣೆ ಸಿಕ್ಕಿತು, ಹಿಡಿಯುವವರಿಗೆ ಲಾಠಿ ಸಿಕ್ಕಿತು. ಬೇರೆ ಮನೆಗಳಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುವ ವಯಸ್ಸಿನಲ್ಲಿ ಇವರು ಈ ಒಂದು ಉತ್ತರವನ್ನು ಬಾಯಿಪಾಠ ಮಾಡಿಸುತ್ತಾರೆ. ಗೌತಮಿ ಅಜ್ಜಿಯನ್ನು ಗುರುತಿಸಲಿಲ್ಲ ಎಂದು ನೀವು ಬರೆದುಕೊಂಡಿದ್ದೀರಿ. ಅವಳು ಅಜ್ಜಿಯನ್ನು ಕಾಪಾಡುತ್ತಿದ್ದಳು, ಮಾನ್ಯರೇ. ಆ ನಿಲ್ದಾಣದಲ್ಲಿ ಮಕ್ಕಳ ರಕ್ಷಣೆಗೆಂದು ಸಂಬಳ ಪಡೆಯುವವರು ಮೂವರಿದ್ದರು. ನಿಜವಾಗಿ ಒಬ್ಬರನ್ನು ರಕ್ಷಿಸಿದ್ದು ಆ ಮಗು ಮಾತ್ರ.

ಈಗಲೂ ರಕ್ಷಿಸುತ್ತಲೇ ಇದೆ. ನನಗೆ ಹೆದರಿಕೆ ಆಗಿರುವುದು ಅಲ್ಲೇ. ನಿನ್ನೆ ಸಂಜೆ ಕೋನಮ್ಮನನ್ನು ಕರೆದುಕೊಂಡು ಬಾಲಮಂದಿರದ ಗೇಟಿಗೆ ಹೋಗಿದ್ದೆ. ಗೌತಮಿ ಜಗಲಿಯಲ್ಲಿ ಕೂತಿದ್ದಳು. ಅಜ್ಜಿಯನ್ನು ನೋಡಿದಳು, ನೋಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ತಕ್ಷಣ ಮುಖವನ್ನು ಗೋಡೆಗೆ ತಿರುಗಿಸಿದಳು. ಕೊರಳಿನ ಮಣಿಸರವನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು, ಅದು ಅಜ್ಜಿ ಪೋಣಿಸಿದ್ದು. ಅಲ್ಲಿನ ಕಾವಲುಗಾರ, "ನೋಡಿ ಸಾರ್, ಮುಖಾನೂ ನೋಡಲ್ಲ" ಎಂದ. ಅವನ ಅಂಗಿಯ ಬಣ್ಣವೂ ಖಾಕಿ.

ಸೋಮವಾರ ಅವಳನ್ನು "ಪೋಷಕರು ಪತ್ತೆಯಾಗದ ಮಗು" ಎಂದು ಪಕ್ಕದ ಜಿಲ್ಲೆಗೆ ಕಳಿಸುತ್ತೀರಂತೆ. ತಂದೆ ತಾಯಿ ಹತ್ತಿರುವ ರೈಲು ಬರುವುದು ಬುಧವಾರ. ಈ ದೇಶದಲ್ಲಿ ಎಲ್ಲವೂ ತಡವಾಗುತ್ತದೆ, ನಿಮ್ಮ ಈ ಒಂದು ಆದೇಶದ ಹೊರತು. ಆಮೇಲೆ ಪತ್ರಿಕೆಯಲ್ಲಿ ಅವಳ ಫೋಟೊ ಬರುತ್ತದೆ. ಯಾರೂ ಬರದಿದ್ದರೆ ಇನ್ನೊಂದು ಮನೆ, ಇನ್ನೊಂದು ಹೆಸರು. ತಾಯಿ ಹುಡುಕಿಕೊಂಡು ಬಂದೇ ಬಂದಳೆಂದುಕೊಳ್ಳಿ. ಅವಳನ್ನೂ ಖಾಕಿಯ ಪಕ್ಕ ನಿಲ್ಲಿಸಿ, ಇವರು ಯಾರು ಎಂದು ಕೇಳುತ್ತೀರಿ. ಮಗು ಏನು ಹೇಳುತ್ತದೆಂದು ನಿಮಗೆ ಇನ್ನೂ ಅನುಮಾನವಿದೆಯೇ?

ಕಾಲೊನಿಗೂ ಹೋಗಿ ಬಂದೆ. ಗೌತಮಿಯನ್ನು ಒಯ್ದಂದಿನಿಂದ ಅಲ್ಲಿ ಹನ್ನೊಂದು ಮಕ್ಕಳು ಶಾಲೆ ಬಿಟ್ಟಿವೆ. ಹಾಲಿನ ವ್ಯಾನಿನ ಸದ್ದಿಗೂ ಲಂಟಾನ ಪೊದೆಯೊಳಗೆ ನುಗ್ಗುತ್ತವೆ. ನಾನು ಹೋದಾಗ ಅಂಗಳದಲ್ಲಿ ಅನ್ನದ ತಟ್ಟೆಗಳಿದ್ದವು, ತಿನ್ನುವವರು ಇರಲಿಲ್ಲ. ಮೂವತ್ತೊಂದು ವರ್ಷ ಕಾಲೇಜು ಹುಡುಗರನ್ನು ಹೆದರಿಸಿ ಬದುಕಿದವನು ನಾನು. ನನ್ನನ್ನು ಕಂಡು ಮಕ್ಕಳು ಓಡಿಹೋಗಿದ್ದಕ್ಕೆ ನನಗೇ ಹೆದರಿಕೆಯಾಗಿದ್ದು ಇದೇ ಮೊದಲು.

ಇಷ್ಟಕ್ಕೆಲ್ಲ ಕಾರಣನಾದ ಆ ಫೋನಿನ ಪುಣ್ಯಾತ್ಮ ನಿಮ್ಮ ಕಡತದಲ್ಲಿ "ಜವಾಬ್ದಾರಿಯುತ ನಾಗರಿಕ" ಎಂಬ ಬಿರುದು ಪಡೆದಿದ್ದಾನೆ. ಬಣ್ಣ ಹೊಂದಲಿಲ್ಲವೆಂದು ರಕ್ತಸಂಬಂಧವನ್ನೇ ತಳ್ಳಿಹಾಕಿದ ಮಹಾಮೇಧಾವಿ! ವಾಟ್ಸಾಪಿನಲ್ಲಿ ಬಂದ ಮಕ್ಕಳ ಕಳ್ಳರ ಸುದ್ದಿಯನ್ನು ನಂಬಿದವನೇ ಇರಬೇಕು. ನಾನಾದರೋ ಚಿಂತಾಮಣಿಯಲ್ಲಿ ತರ್ಕಶಾಸ್ತ್ರ ಕಲಿಸಿದವನು. ಸಾಕ್ಷ್ಯವಿಲ್ಲದೆ ತೀರ್ಮಾನಕ್ಕೆ ಬಂದವನಲ್ಲ. ಅಂದು ನಿಲ್ದಾಣದಲ್ಲಿ ಖಾಕಿ ಕಂಡದ್ದೇ ಜನ ಜಾರಿಕೊಂಡರು, ನಾನೊಬ್ಬ ಕೊನೆಯವರೆಗೂ ನಿಂತಿದ್ದೆ. ಕೋನಮ್ಮ ಆಮೇಲೆ ನನ್ನ ಮನೆ ಹುಡುಕಿಕೊಂಡು ಬಂದಿದ್ದೂ ಅದಕ್ಕೇ. "ಅಷ್ಟು ಜನ್ದಾಗೆ ನೀವೊಬ್ರೇ ನಿಂತಿದ್ರಿ ಸಾಮಿ" ಎಂದರು.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದ ಆದೇಶವನ್ನು ತಡೆಯಿರಿ. ಒಂದು ಕೋಣೆಯಲ್ಲಿ ಅಜ್ಜಿ ಮೊಮ್ಮಗಳನ್ನು ಕೂರಿಸಿ, ಖಾಕಿಯನ್ನು ಹೊರಗಿಡಿ, ಅವರ ಭಾಷೆ ಬಲ್ಲ ಹೆಂಗಸೊಬ್ಬರನ್ನು ಒಳಗೆ ಕರೆಯಿರಿ. ಪ್ರಶ್ನೆ ಬೇಡ, ಸುಮ್ಮನೆ ನೋಡಿ. ಅವಳು ಎರಡನೇ ತರಗತಿಯಲ್ಲಿ ಓದುತ್ತಿರುವ ಶಾಲೆಗೂ ಹುಟ್ಟಿದ ಆಸ್ಪತ್ರೆಗೂ ನೀವೇ ಆಳು ಕಳಿಸಿ ದಾಖಲೆ ತರಿಸಿ. ಮೆಟ್ಟಿಲ ಮೇಲಿನ ಮುದುಕಿಯನ್ನು ಅಲೆಸಬೇಡಿ. ಇನ್ನು ಮುಂದೆ ಯಾವ ಕಾಲೊನಿಯ ಯಾವ ಮಗುವನ್ನೂ ಸಮವಸ್ತ್ರದೆದುರು ನಿಲ್ಲಿಸಿ, ನಿನ್ನವರು ಯಾರು ಎಂದು ಕೇಳಬೇಡಿ. ಪೆನ್ನನ್ನು ದಾರದ ಸಮೇತ ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಮಗುವನ್ನು ನೀವೂ ಹಿಂದಿರುಗಿಸಿ.

ಮುಗಿಸುವ ಮುನ್ನ ಇನ್ನೊಂದು ಮಾತು. ಬರೆಯಬಾರದೆಂದುಕೊಂಡಿದ್ದೆ. ನಾನು ಅಲ್ಲಿ ನಿಂತಿದ್ದು ಧೈರ್ಯದಿಂದಲ್ಲ. ಸಹಾಯವಾಣಿಯ ಹುಡುಗಿ, "ನಾವು ಬರೋವರೆಗೂ ಅಲ್ಲೇ ಇರಿ ಸಾರ್" ಎಂದಿದ್ದಳು. ಅದಕ್ಕೇ ನಿಂತಿದ್ದೆ. ಆ ಮಕ್ಕಳ ಕಳ್ಳರ ಸುದ್ದಿ ನನಗೆ ಅಂದು ಬೆಳಿಗ್ಗೆ ತಾನೇ ವಾಟ್ಸಾಪಿನಲ್ಲಿ ಬಂದಿತ್ತು.

ಕೋನಮ್ಮನಿಗೆ ಇದು ತಿಳಿಯದು. ಅವರಿಗೆ ಓದಲು ಬಾರದು. ಯಾರಾದರೂ ಓದಿ ಹೇಳುವ ಮೊದಲು ಮಗುವನ್ನು ಕಳಿಸಿಕೊಡಿ.

ಇಂತಿ,
ನಿಮ್ಮ ಕಡತದ ಜವಾಬ್ದಾರಿಯುತ ನಾಗರಿಕ,
ವಾದಿರಾಜ
ಚಿಂತಾಮಣಿ