ಫೋಟೋದಲ್ಲಿದ್ದ ಹಲ್ಲು

ಫೋರ್ಟ್ ಕೊಚ್ಚಿ,
15–11–1958, ಶನಿವಾರ

ಪ್ರೀತಿಯ ಅಮ್ಮಾ,

ಇಲ್ಲಮ್ಮ, ನೀನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ನನ್ನಿಂದ ಆಗುವುದಿಲ್ಲ. "ಮದುವೆ ಆಗಲಿ, ಆಮೇಲೆ ಬೇಕಾದಷ್ಟು ನಗು" ಅಂತ ಬರೆಸಿದ್ದೀಯಲ್ಲ, ಓದಿದ ಮೇಲೆ ಊಟವೇ ಸೇರಲಿಲ್ಲ. ಅದಿರಲಿ, ನಿನ್ನ ಮಂಡಿನೋವು ಹೇಗುಂಟು? ಎಣ್ಣೆ ತಿಕ್ಕುತ್ತೀಯೋ, ತಂಗಿ ರತ್ನ ಬೈದರೆ ಮಾತ್ರವೋ? ರತ್ನಾ, ಅಮ್ಮನಿಗೆ ಇಲ್ಲಿಂದ ಮುಂದೆ ಮೆಲ್ಲಗೆ ಓದಿ ಹೇಳು, ಬೇಲಿಯ ಆಚೆ ಸುಮಿತ್ರಕ್ಕನ ಕಿವಿ ಉಂಟು.

ಸ್ಟುಡಿಯೋದವನು ಫೋಟೋದಲ್ಲಿ ನನ್ನ ಉಬ್ಬುಹಲ್ಲನ್ನು ಪೆನ್ಸಿಲಿನಲ್ಲಿ ತೀಡಿ, ಸಾಲಾಗಿ ಬೆಳ್ಳಗೆ ಮಾಡಿಕೊಟ್ಟದ್ದು ನಾನು ಕೇಳಿ ಅಲ್ಲ. ಆದರೆ ಬೇಡ ಅಂತಲೂ ಹೇಳಲಿಲ್ಲ. ಅಷ್ಟು ಚಂದ ಕಂಡೆ ಅಮ್ಮ! ನನ್ನನ್ನು ಕಂಡೇ ಇರದ ತಿರುವನಂತಪುರದ ದಾಮೋದರ ಮಾವನಿಗೆ ಅದನ್ನೇ ಕಳಿಸಿ ಅವರ ಮಗಳು ರಾಜೀವಿಯನ್ನು ಕೇಳಿದೆವು. ಅವರು ಬನ್ನಿ ಅಂದ ಮೇಲೆ ನನಗೆ ಹೆದರಿಕೆ ಶುರುವಾಯ್ತು. ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು, ಲಿಂಬೆಹುಳಿ ಸೇರಿಸಿ ಒಸಡಲ್ಲಿ ರಕ್ತ ಬರುವಷ್ಟು ಉಜ್ಜಿದೆ. ಎರ್ಣಾಕುಳಂನ ಹಲ್ಲಿನ ಡಾಕ್ಟರು ನೋಡಿ ಬೈದರು. ಹೀಗೆ ಉಜ್ಜಿದರೆ ಬಿಳಿಯಾಗುವುದಲ್ಲ, ಹಲ್ಲೇ ಸವೆದುಹೋಗ್ತದಂತೆ. ತಂತಿಯ ಪ್ಲೇಟು ಹಾಕಿ ನೇರ ಮಾಡಬಹುದಂತೆ, ಆದರೆ ವರ್ಷದ ಮೇಲೆ ಬೇಕಂತೆ. "ನಿನಗೆ ಯಾವಾಗ ಆಗಬೇಕು?" ಅಂತ ಕೇಳಿದರು. "ಬರುವ ಆದಿತ್ಯವಾರಕ್ಕೆ" ಅಂದೆ. ಕಂಪೌಂಡರನೂ ನಕ್ಕ.

ಆ ಆದಿತ್ಯವಾರ ಅವರ ಮನೆಯಲ್ಲಿ ಏನಾಯ್ತು ಅಂತ ನಿನಗೆ ಸರಿಯಾಗಿ ಬರೆದಿರಲಿಲ್ಲ. ಕರ್ಚೀಫು ಬಾಯಿಗೆ ಒತ್ತಿ ಹಿಡಿದು ಹಲ್ಲುನೋವು ಅಂದುಬಿಟ್ಟೆ. ಅವರ ಅಜ್ಜಿ ಲವಂಗ ತಂದರು. ಮಾವ "ಪಾಪ, ಬಸ್ಸಿನ ಗಾಳಿಗೆ" ಅಂದರು. ರಾಜೀವಿ ಬಿಸಿ ಉಪ್ಪುನೀರು ತಂದಿಟ್ಟು, "ಮೊದಲು ಮುಕ್ಕಳಿಸಿ. ಮಾತಾಡ್ಲಿಕ್ಕೆ ಇನ್ನೊಮ್ಮೆ ಬಂದರಾಯ್ತು" ಅಂತ ನಕ್ಕಳು. ಬಾಯಿ ತುಂಬ ನಕ್ಕಳು. ಆ ತುಂಡಾದ ಮುಂದಿನ ಹಲ್ಲು, ಅವರು ನಮಗೆ ಕಳಿಸಿದ ಫೋಟೋದಲ್ಲಿ ಹೇಗಿತ್ತೋ ಹಾಗೇ. ಅವರು ತೀಡಿಸಿರಲಿಲ್ಲ. ಆ ಫೋಟೋ ನೋಡಿ ನಾವು ಏನು ಹೇಳಿದ್ದೆವು, ನೆನಪುಂಟಾ? "ಈ ಹಲ್ಲಿಟ್ಟುಕೊಂಡು ಅವರು ಎದುರು ಮಾತಾಡುವ ಹಾಗಿಲ್ಲ" ಅಂತ ನೀನು. "ಹಾಗಾದ್ರೆ ಮದುವೆ ನಮ್ಮ ಊರಲ್ಲೇ, ಖರ್ಚು ಪೂರಾ ಅವರದ್ದೇ" ಅಂತ ನಾನು. ನಗಾಡಿದೆವು ಬೇರೆ. ಉಪ್ಪುನೀರು ಬಾಯಲ್ಲಿಟ್ಟುಕೊಂಡು ಅವರ ಹಿತ್ತಲಿನ ಬಾಳೆಬುಡದಲ್ಲಿ ನಿಂತಾಗ ಇದೇ ನೆನಪಾಗಿ, ಉಗಿಯಲಿಕ್ಕೂ ನಾಚಿಕೆಯಾಯ್ತು.

ಈಗ ನಿಶ್ಚಯಕ್ಕೆ ದಿನ ನೋಡುವ ಅಂತ ಮಾವನ ಕಾರ್ಡು ಬಂದಿದೆ. ಕೊನೆಗೆ ಒಂದು ಸಾಲು, "ಹಲ್ಲುನೋವು ಕಮ್ಮಿ ಆಯ್ತಾ ಅಂತ ರಾಜೀವಿ ಕೇಳಿದ್ದಾಳೆ." ನಾನೇನು ಬರೆಯಲಿ ಹೇಳು! ಒಂದು ಕಡೆ ನಿಲ್ಲದವ, ಮೂರು ಕೆಲಸ ಬಿಟ್ಟು ಓಡಿದವ ಅಂತ ನೀನು ಬೈಯುವುದು ಸರಿಯೇ. ಇದನ್ನೂ ಬಿಟ್ಟು ಓಡು ಅಂತಲೇ ಮನಸ್ಸು ಹೇಳ್ತಾ ಉಂಟು.

ನಿನ್ನ ಕಾಲು ಹಿಡಿದೆ ಅಂತ ತಿಳ್ಕೊ, ಸಿಟ್ಟು ಮಾಡ್ಬೇಡ. ರತ್ನನ ಜಡೆಗೆ ನನ್ನ ಲೆಕ್ಕದಲ್ಲಿ ಒಂದು ಎಳೆತ.

ನಿನ್ನ ಮಗ,
ಕೃಷ್ಣಾನಂದ

ತಾ.ಕ.: ತಿರುವನಂತಪುರದ ಬಸ್ಸಿಗೆ ಹೊರಟೆ ಅಮ್ಮ. ಹಲ್ಲು ತೋರಿಸಿ, ನನ್ನ ಆ ತೀಡಿದ ಫೋಟೋ ವಾಪಸು ಕೇಳಿ, ಅವಳ ಹಲ್ಲು ನೋಡಿ ಖರ್ಚೆಲ್ಲ ಅವರ ಮೇಲೆ ಹಾಕುವ ಅಂತ ನಾವು ಆಡಿದ ಮಾತು ತಪ್ಪಾಯ್ತು ಅಂತ ಹೇಳಿ ಬರ್ತೇನೆ. ಅವಳು ಬೇಡ ಅಂದರೆ ಬೇಡ. ಬಾಗಿಲು ಎಳೆದು ಬೀಗ ಹಾಕಿ ಆಯ್ತು, ಇದನ್ನು ಹೊರಗೆ ಮೆಟ್ಟಿಲ ಮೇಲೆ ಕೂತು ಗೀಚುತ್ತಾ ಇದ್ದೇನೆ. ಕರ್ಚೀಫು ಒಳಗೇ ಉಳಿಯಿತು. ಇರಲಿ.